ಟೆಂಪ್ಲೇಟ್ ಚೆಂದವೇ ಇದೆ, ತುಂಬುವವರು ಯಾರು?

ಉನ್ನತ ಶಿಕ್ಷಣ ಸಂಸ್ಥೆಗಳ ಗುಣಮಟ್ಟ ಅಳೆಯುವ ನ್ಯಾಕ್ ತಂಡ ಬರುವ ವರ್ಷ ಹತ್ತಿರವಾದಾಗ ವಿಶ್ವವಿದ್ಯಾಲಯಗಳಲ್ಲಿ ಎರಡು ಕೆಲಸ ಖಂಡಿತ ನಡೆಯುತ್ತವೆ. ಕಟ್ಟಡಗಳಿಗೆ ಸುಣ್ಣಬಣ್ಣ, ವೆಬ್‌ಸೈಟಿಗೆ ಹೊಸ ಟೆಂಪ್ಲೇಟ್, ಅಂದರೆ ಪುಟಗಳ ಸಿದ್ಧ ಅಚ್ಚು. ಎರಡನೆಯದು ನಮ್ಮ ಕಂಪ್ಯೂಟರ್ ಸೆಂಟರಿನ ಪಾಲಿಗೆ ಬಂತು. ಸೆಂಟರ್ ಅಂದರೆ ನಾನು ಮತ್ತು ಗುತ್ತಿಗೆಯ ಮೇಲಿರುವ ಒಬ್ಬ ಹುಡುಗ ಪ್ರೋಗ್ರಾಮರ್. ಕಡತದಲ್ಲಿ ಬರೆದಿದ್ದದ್ದು ಒಂದೇ ಸಾಲು: 'ಆಧುನಿಕ ವಿನ್ಯಾಸದ ಟೆಂಪ್ಲೇಟ್ ಆಯ್ದು ಅಳವಡಿಸುವುದು.' ಯಾವುದಕ್ಕೆ, ಯಾರಿಗಾಗಿ ಅನ್ನುವುದು ಇರಲಿಲ್ಲ.

ನಮ್ಮದು ಜಿಲ್ಲಾ ಕೇಂದ್ರದಲ್ಲಿರುವ ರಾಜ್ಯ ವಿಶ್ವವಿದ್ಯಾಲಯ. ಸುಮಾರು 30 ಅಧ್ಯಯನ ವಿಭಾಗಗಳಿವೆ. ಹಳೆಯ ಸೈಟು ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆಯವರು ಮಾಡಿದ ಪುಟಗಳ ರಾಶಿ. ಒಂದು ವಿಭಾಗದ ಪುಟ ನೀಲಿ, ಪಕ್ಕದ ವಿಭಾಗದ್ದು ಹಸಿರು. ನಾಲ್ಕು ವರ್ಷದ ಹಿಂದಿನ ಪ್ರಕಟಣೆಯ ಪಕ್ಕದಲ್ಲಿ ಇನ್ನೂ 'ನ್ಯೂ' ಅಂತ ಮಿನುಗುವ ಚಿತ್ರ. ಕೆಲವು ಪುಟಗಳ ಕನ್ನಡವನ್ನು ನುಡಿ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದರು. ಆ ಫಾಂಟು ಇಲ್ಲದ ಮೊಬೈಲಿನಲ್ಲಿ ಅದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರವಾಗಿ ಕಾಣುತ್ತಿತ್ತು. ಈಗ ಮೊಬೈಲಿನಲ್ಲೇ ನೋಡುವವರು ಜಾಸ್ತಿ, ಅಲ್ವಾ?

ಸೈಟನ್ನು ಯಾವ ತಂತ್ರಾಂಶದ ಮೇಲೆ ಕಟ್ಟುವುದು ಅನ್ನುವ ಚರ್ಚೆ ಬೇಗ ಮುಗಿಯಿತು. ಕೇಂದ್ರ ಸರ್ಕಾರದ ಎನ್‌ಐಸಿ ಸರ್ಕಾರಿ ಸೈಟುಗಳಿಗೆಂದು ಮಾಡಿರುವ ಎಸ್‌3ವಾಸ್ ಅನ್ನು ನೋಡಿದೆವು. ಜಿಲ್ಲಾಡಳಿತಗಳ ಸೈಟುಗಳೆಲ್ಲ ಒಂದೇ ಅಚ್ಚಿನಲ್ಲಿ ಕಾಣುವುದು ಅದರಿಂದಲೇ. ಕಚೇರಿಗೆ ಅದು ಚೆನ್ನಾಗಿ ಹೊಂದುತ್ತದೆ. ವಿಭಾಗ, ಕೋರ್ಸು, ಸಿಲೆಬಸ್, ಅಧ್ಯಾಪಕರು ಒಂದಕ್ಕೊಂದು ಹೆಣೆದುಕೊಳ್ಳುವ ನಮ್ಮ ಕೆಲಸಕ್ಕೆ ಸ್ವಲ್ಪ ಬಿಗಿ ಅನ್ನಿಸಿತು. ಡ್ರೂಪಲ್ ಗಟ್ಟಿ, ಹೊರದೇಶದ ದೊಡ್ಡ ವಿಶ್ವವಿದ್ಯಾಲಯಗಳು ಅದನ್ನು ಬಳಸುತ್ತವೆ. ಆದರೆ ಗುತ್ತಿಗೆ ಮುಗಿದು ನಮ್ಮ ಹುಡುಗ ಬೇರೆ ಕಡೆ ಹೋದರೆ ಮುಂದೆ ನೋಡಿಕೊಳ್ಳುವವರು ಈ ಊರಿನಲ್ಲಿ ಸಿಗಬೇಕಲ್ಲ. 2003ರಲ್ಲಿ ಶುರುವಾದ ವರ್ಡ್‌ಪ್ರೆಸ್ ಗೊತ್ತಿರುವವರು ಎಲ್ಲೆಡೆ ಸಿಗುತ್ತಾರೆ. ಅದೇ ಗಟ್ಟಿಯಾಯಿತು.

ಕಷ್ಟ ಶುರುವಾದದ್ದು ಥೀಮ್, ಅಂದರೆ ಇಡೀ ಸೈಟಿಗೆ ರೂಪ ಕೊಡುವ ಟೆಂಪ್ಲೇಟುಗಳ ಕಟ್ಟಿನ ಆಯ್ಕೆಯಲ್ಲಿ.

ಸಮಿತಿ ಸಭೆಯಲ್ಲಿ ಪ್ರೊಜೆಕ್ಟರ್ ಹಾಕಿ ಕೆಲವು ಡೆಮೊ ತೋರಿಸಿದೆವು. ಎಲ್ಲರಿಗೂ ಹಿಡಿಸಿದ್ದು ಹಣ ಕೊಟ್ಟು ಕೊಳ್ಳುವ ಒಂದು ಥೀಮ್. ಹಸಿರು ಹುಲ್ಲುಹಾಸು, ಕಪ್ಪು ಗೌನು, ಆಕಾಶಕ್ಕೆ ಎಸೆದ ಟೋಪಿಗಳು. ಹಿರಿಯ ಪ್ರಾಧ್ಯಾಪಕರೊಬ್ಬರು, "ನಮ್ಮ ಘಟಿಕೋತ್ಸವದಲ್ಲಿ ರಾಜ್ಯಪಾಲರ ಮುಂದೆ ಹೀಗೆ ಟೋಪಿ ಎಸೆದರೆ ಪೊಲೀಸಿನವರು ಬಿಡ್ತಾರೇನ್ರಿ?" ಅಂದರು. ಎಲ್ಲರೂ ನಕ್ಕರು. ಆದರೂ ಒಲವು ಅದರ ಮೇಲೇ ಇತ್ತು.

ಆ ಥೀಮ್ ಮೊದಲು ಎಡವಿದ್ದು ಹಣಕಾಸು ಶಾಖೆಯಲ್ಲಿ. ಬೆಲೆ ಜಾಸ್ತಿ ಏನಿರಲಿಲ್ಲ. ಆದರೆ ಡಾಲರ್‌ನಲ್ಲಿ, ಕ್ರೆಡಿಟ್ ಕಾರ್ಡಿನಲ್ಲಿ ಕೊಳ್ಳಬೇಕು. "ಮೂರು ಕೊಟೇಷನ್ ಎಲ್ಲಿದೆ? ಜಿಎಸ್‌ಟಿ ಬಿಲ್ ಕೊಡ್ತಾರಾ?" ಅಂತ ಅಧೀಕ್ಷಕರು ಕೇಳಿದರು. ಅವರದು ಸರಿಯಾದ ಪ್ರಶ್ನೆಯೇ. ಜಗತ್ತಿನಲ್ಲಿ ಒಬ್ಬನೇ ಮಾರುವ ವಸ್ತುವಿಗೆ ಮೂರು ಕೊಟೇಷನ್ ತರುವುದು ಹೇಗೆ? ಅದೂ ಅಲ್ಲದೆ ಇಂಥ ಥೀಮ್‌ಗಳ ಲೈಸೆನ್ಸ್ ಸಾಮಾನ್ಯವಾಗಿ ಒಂದು ಸೈಟಿಗೆ ಮಾತ್ರ. ನಾಳೆ ದೂರಶಿಕ್ಷಣಕ್ಕೆ, ಗ್ರಂಥಾಲಯಕ್ಕೆ ಬೇರೆ ಸೈಟು ಬೇಕೆಂದರೆ ಮತ್ತೆ ಕೊಳ್ಳಬೇಕು. ಅಷ್ಟರಲ್ಲಿ ಹಿತೈಷಿಗಳೊಬ್ಬರು ಅದೇ ಥೀಮನ್ನು ಪೆನ್‌ಡ್ರೈವ್‌ನಲ್ಲಿ 'ಫ್ರೀ' ಆಗಿ ತಂದುಕೊಟ್ಟರು. ಅದನ್ನು ಸರ್ವರಿನ ಹತ್ತಿರಕ್ಕೂ ಬಿಡಲಿಲ್ಲ. ಲೈಸೆನ್ಸ್ ಮುರಿದ ಇಂಥ ಕಳ್ಳ ಪ್ರತಿಗಳಲ್ಲಿ ಹಿಂಬಾಗಿಲು ತೆರೆಯುವ ಕೋಡ್ ಅಡಗಿಸಿಟ್ಟಿರುವುದು ತುಂಬ ಸಾಮಾನ್ಯ. ವಿಶ್ವವಿದ್ಯಾಲಯದ ವಿಳಾಸದಲ್ಲಿ ಜೂಜಿನ ಜಾಹೀರಾತು ಬಂದರೆ ಮರುದಿನದ ಪತ್ರಿಕೆಯಲ್ಲಿ ಸುದ್ದಿ.

ಹಾಗಾಗಿ ವರ್ಡ್‌ಪ್ರೆಸ್‌ನವರದೇ ಉಚಿತ ಥೀಮ್ ಪಟ್ಟಿಗೆ ಬಂದೆವು. ಅಲ್ಲಿ 'ಆಕ್ಸೆಸಿಬಿಲಿಟಿ ರೆಡಿ', ಅಂದರೆ ಅಂಗವಿಕಲರಿಗೂ ಬಳಸಲು ಬರುವಂಥದ್ದು, ಅಂತ ಒಂದು ಗುರುತಿದೆ. ಕೀಬೋರ್ಡಿನಿಂದಲೇ ಮೆನು ತೆರೆಯುವುದು, ಶೀರ್ಷಿಕೆಗಳ ಕ್ರಮ, ಬಣ್ಣಗಳ ವ್ಯತ್ಯಾಸ ಇವನ್ನೆಲ್ಲ ನೋಡಿ ಆ ಗುರುತು ಕೊಡುತ್ತಾರೆ. ಅದರ ಮೇಲೆ ಸೋಸಿದರೆ ಉಳಿಯುವುದು ಕೆಲವೇ ಥೀಮ್. ಸರ್ಕಾರಿ ವೆಬ್‌ಸೈಟುಗಳಿಗೆ ಜಿಐಜಿಡಬ್ಲ್ಯು ಅನ್ನುವ ಮಾರ್ಗಸೂಚಿ 2009ರಿಂದಲೇ ಇದೆ, ಅದರ ಮೂರನೇ ಆವೃತ್ತಿ 2023ರಲ್ಲಿ ಬಂದಿದೆ. ಅಂಗವಿಕಲರಿಗೂ ಸೈಟು ಬಳಸಲು ಬರಬೇಕು ಅನ್ನುವುದು ಅದರ ಮುಖ್ಯ ಬೇಡಿಕೆ. ಕಂಪಲ್ಸರಿ ಅನ್ನುವುದಕ್ಕಿಂತ, ನಮ್ಮಲ್ಲಿ ಕಣ್ಣು ಕಾಣದ ಎಂ.ಎ. ವಿದ್ಯಾರ್ಥಿಗಳು ಇದ್ದಾರೆ ಅನ್ನುವುದೇ ನನಗೆ ಸಾಕಾಗಿತ್ತು.

ಸೋಸಿ ಉಳಿದ ಥೀಮ್‌ಗಳಲ್ಲಿ ಒಂದನ್ನು ಆರಿಸಲು ನಾವು ಹಿಡಿದ ದಾರಿ ಸರಳ. ಡೆಮೊದಲ್ಲಿ ಬರುವ ಚೆಂದದ ಫೋಟೊ, ಎರಡು ಪದದ ಶೀರ್ಷಿಕೆ ಎಲ್ಲ ಕಿತ್ತುಹಾಕಿ, ನಮ್ಮಲ್ಲಿರುವ ಅತಿ ಒರಟು ಸರಕನ್ನು ತಂದು ಸುರಿದೆವು. 'ಗ್ರಂಥಾಲಯ ಮತ್ತು ಮಾಹಿತಿ ವಿಜ್ಞಾನ ಸ್ನಾತಕೋತ್ತರ ಅಧ್ಯಯನ ಮತ್ತು ಸಂಶೋಧನಾ ವಿಭಾಗ' ಅನ್ನುವ ಹೆಸರು. ಒಂಬತ್ತು ಕಾಲಮ್ಮಿನ ಶುಲ್ಕದ ಪಟ್ಟಿ. ಫೋಟೊ ಕೊಡದ ಅಧ್ಯಾಪಕರು. ಅತಿಥಿ ಉಪನ್ಯಾಸಕರೇ ನಡೆಸುವ ವಿಭಾಗ. ಮೂರು ಸಾಲಿಗೆ ಹರಿಯುವ ಪರೀಕ್ಷಾ ಪ್ರಕಟಣೆಯ ತಲೆಬರಹ. ಟೆಂಪ್ಲೇಟ್ ನೋಡುವವರಿಗೆ ನಾನು ಹೇಳುವುದಿದ್ದರೆ ಇದನ್ನೇ ಮೊದಲು ಹೇಳುತ್ತೇನೆ. ಡೆಮೊ ನೋಡಬೇಡಿ, ನಿಮ್ಮ ಸರಕು ಸುರಿದು ನೋಡಿ.

ಸುರಿದ ತಕ್ಷಣ ಕನ್ನಡ ತನ್ನ ಕಷ್ಟ ಹೇಳಿಕೊಂಡಿತು. ಈ ಟೆಂಪ್ಲೇಟುಗಳನ್ನು ಮಾಡಿದವರ ತಲೆಯಲ್ಲಿ ಇರುವುದು ಇಂಗ್ಲಿಷ್ ಅಕ್ಷರ. ದೊಡ್ಡ ಶೀರ್ಷಿಕೆಗಳಿಗೆ ಸಾಲಿನ ಎತ್ತರವನ್ನು ಅಕ್ಷರದ ಅಳತೆಗಿಂತ ಸ್ವಲ್ಪವೇ ಜಾಸ್ತಿ, 1.1 ಅಥವಾ 1.2ರಷ್ಟು ಇಟ್ಟಿರುತ್ತಾರೆ. ನಮ್ಮ ಒತ್ತಕ್ಷರ ಕೆಳಗೆ ಇಳಿಯುತ್ತದೆ, ಮೇಲೆ ಗುಡಿಸು ಏರುತ್ತದೆ. 'ಸ್ನಾತಕೋತ್ತರ'ದ ಒತ್ತುಗಳು ಕೆಳಸಾಲಿನ ತಲೆಗೆ ತಾಗಿದವು. ಬಟನ್‌ಗಳಲ್ಲಿ ಒತ್ತು ಅರ್ಧಕ್ಕೇ ಕತ್ತರಿಸಿಹೋಯಿತು. ಕನ್ನಡ ಪುಟಗಳಿಗೆ ಬೇರೆ ನಿಯಮ ಬರೆದು 1.7ಕ್ಕೆ ಏರಿಸಿದ ಮೇಲೆ ಓದುವ ಹಾಗಾಯಿತು. ಅಕ್ಷರಗಳ ನಡುವೆ ಜಾಗ ಬಿಡುವ ಅಲಂಕಾರವನ್ನು ತೆಗೆದೆವು, ಕನ್ನಡದಲ್ಲಿ ಅದು ಹಲ್ಲು ಉದುರಿದ ಹಾಗೆ ಕಾಣುತ್ತದೆ. ಫಾಂಟಿಗೆ ನೋಟೊ ಸಾನ್ಸ್ ಕನ್ನಡ ಹಾಕಿದೆವು. ಅದನ್ನು ನಮ್ಮ ಸರ್ವರಿನಲ್ಲೇ ಇಟ್ಟೆವು.

ಮೆನು ಇನ್ನೊಂದು ತಾಪತ್ರಯ. ಅಡ್ಡ ಮೆನುವಿನಲ್ಲಿ ಇಂಗ್ಲಿಷಿನ ಏಳು ಹೆಸರು ಹಿಡಿಸುವ ಕಡೆ 'ಮೌಲ್ಯಮಾಪನ ಕುಲಸಚಿವರು' ಒಬ್ಬರೇ ಕಾಲುಭಾಗ ಜಾಗ ತೆಗೆದುಕೊಂಡರು. ಕೊನೆಗೆ 'ಪರೀಕ್ಷೆ', 'ಪ್ರವೇಶ', 'ವಿಭಾಗಗಳು' ಅಂತ ವಿದ್ಯಾರ್ಥಿ ಹುಡುಕುವ ಪದಗಳನ್ನೇ ಇಟ್ಟು, ಹುದ್ದೆಗಳನ್ನು ಒಳಗೆ ಸರಿಸಿದೆವು. ಜಾಗದ ಅಭಾವ ಒಳ್ಳೆಯದನ್ನೇ ಮಾಡಿತು.

ವಿಳಾಸದ ವಿಷಯವೊಂದನ್ನು ಹೇಳಲೇಬೇಕು. ವರ್ಡ್‌ಪ್ರೆಸ್ ಪುಟದ ತಲೆಬರಹದಿಂದಲೇ ಪುಟದ ವಿಳಾಸ ಮಾಡುತ್ತದೆ. ತಲೆಬರಹ ಕನ್ನಡದಲ್ಲಿದ್ದರೆ ಒಳಗೆ ಪ್ರತಿ ಕನ್ನಡ ಚಿಹ್ನೆಯೂ ಶೇಕಡಾ ಗುರುತು ಸೇರಿ ಒಂಬತ್ತು ಅಕ್ಷರಗಳಾಗುತ್ತದೆ. ಸ್ವರಚಿಹ್ನೆ, ಅರ್ಧಾಕ್ಷರದ ಗುರುತು ಎಲ್ಲಕ್ಕೂ ಬೇರೆ ಬೇರೆ ಲೆಕ್ಕ. ಆ ವಿಳಾಸಕ್ಕೆ ಇರುವ ಮಿತಿ 200 ಅಕ್ಷರ. ಅಂದರೆ 22 ಚಿಹ್ನೆಗೆ ವಿಳಾಸ ತುಂಡಾಗುತ್ತದೆ. 'ಸ್ನಾತಕೋತ್ತರ ಪರೀಕ್ಷಾ' ಅನ್ನುವಷ್ಟರಲ್ಲೇ ಮುಗಿಯಿತು. ಅದನ್ನು ವಾಟ್ಸಾಪ್‌ನಲ್ಲಿ ಕಳಿಸಿದರೆ ಶೇಕಡಾ ಗುರುತುಗಳ ಮೆರವಣಿಗೆ. ಅದಕ್ಕೇ ವಿಳಾಸಕ್ಕೆ ಮಾತ್ರ ಚಿಕ್ಕ ಇಂಗ್ಲಿಷ್ ಪದ, ವರ್ಷ, ಪ್ರಕಟಣೆಯ ಸಂಖ್ಯೆ ಇಡುವ ಪದ್ಧತಿ ಮಾಡಿದೆವು.

ಸಮಿತಿಗೆ ಇಷ್ಟವಾಗಿದ್ದ ಇನ್ನೊಂದು ಅಲಂಕಾರ, ಮುಖಪುಟದಲ್ಲಿ ಸೊನ್ನೆಯಿಂದ ಏರುತ್ತ ಹೋಗುವ ಅಂಕಿಗಳು. ಇಷ್ಟು ವಿದ್ಯಾರ್ಥಿಗಳು, ಇಷ್ಟು ಪ್ರಾಧ್ಯಾಪಕರು, ಇಷ್ಟು ಪಿಎಚ್‌ಡಿ. ಸಭೆಯ ವೈಫೈನಲ್ಲಿ ಚೆನ್ನಾಗಿ ಓಡಿತು. ಹಾಸ್ಟೆಲ್ ಹಿಂದಿನ ನಿಧಾನದ ನೆಟ್‌ವರ್ಕಿನಲ್ಲಿ ತೆರೆದು ಕುಲಸಚಿವರಿಗೆ ತೋರಿಸಿದೆ. '0 ವಿದ್ಯಾರ್ಥಿಗಳು, 0 ಪ್ರಾಧ್ಯಾಪಕರು' ಅಂತ ನಿಂತೇಬಿಟ್ಟಿತ್ತು. "ತೆಗೀರಿ ಅದನ್ನ" ಅಂದರು. ಸುಮ್ನೆ ಬರೆದ ಅಂಕಿ ಎಲ್ಲ ಕಡೆಯೂ ಕಾಣುತ್ತದೆ.

ಈ ಎಲ್ಲಕ್ಕಿಂತ ದೊಡ್ಡ ಮಾತು ಖಾಲಿ ಬಾಕ್ಸುಗಳದ್ದು. ಡೆಮೊದ ವಿಭಾಗ ಪುಟದಲ್ಲಿ 11 ಬಾಕ್ಸ್ ಇದ್ದವು. ಮುಖ್ಯಸ್ಥರ ಸಂದೇಶ, ಧ್ಯೇಯ, ಸಂಶೋಧನೆಯ ಮುಖ್ಯಾಂಶ, ಹಳೆಯ ವಿದ್ಯಾರ್ಥಿಗಳ ಮಾತು, ಸುದ್ದಿ, ಕಾರ್ಯಕ್ರಮ, ಗ್ಯಾಲರಿ, ಹೀಗೆ. ನಾನು ಕಾಗದದ ಮೇಲೆ ಲೆಕ್ಕ ಹಾಕಿ ಸಭೆಗೆ ಒಯ್ದೆ. 30 ವಿಭಾಗ, 11 ಬಾಕ್ಸು, ಒಟ್ಟು 330 ಬರಹ. ಕನ್ನಡ, ಇಂಗ್ಲಿಷ್ ಎರಡರಲ್ಲೂ ಅಂದರೆ 660. ಅದರಲ್ಲಿ ಸುದ್ದಿ, ಕಾರ್ಯಕ್ರಮ ತಿಂಗಳು ತಿಂಗಳು ಬದಲಾಗಬೇಕು. ಬರೆಯುವವರು ಯಾರು? ಎಚ್‌ಒಡಿಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬರು, "ಸಂಶೋಧನಾ ವಿದ್ಯಾರ್ಥಿಗಳ ಕೈಲಿ ಬರೆಸೋಣ" ಅಂದರು. ಆ ಹುಡುಗರ ಪಾಡು ನೆನೆದು ನಾನೇ ಬೇಡ ಅಂದೆ.

ನೀವೂ ಕೆಲವು ಕಾಲೇಜುಗಳ ಸೈಟುಗಳನ್ನು ನೋಡಿರುತ್ತೀರಿ. 'ವಿಭಾಗದ ಸಾಧನೆಗಳು' ಅನ್ನುವ ತಲೆಬರಹದ ಕೆಳಗೆ ಟೆಂಪ್ಲೇಟಿನ ಜೊತೆ ಬಂದ ಲ್ಯಾಟಿನ್ ಸಾಲುಗಳೇ ಉಳಿದಿರುತ್ತವೆ. ಅದನ್ನು ನೋಡಿದವರಿಗೆ ಇಲ್ಲಿ ಯಾರೂ ಇಲ್ಲ ಅಂತಲೇ ಅನ್ನಿಸುವುದು. ಚಿಕ್ಕ ಪುಟ ಇದ್ದರೆ ಯಾರೂ ಏನೂ ಅನ್ನುವುದಿಲ್ಲ.

ಹಾಗಾಗಿ ವಿಭಾಗದ ಟೆಂಪ್ಲೇಟನ್ನು ನಾವೇ ಕಡಿದು ಕಟ್ಟಿದೆವು. ಹೆಸರು, ಫೋನು, ಇಮೇಲ್, ಅಧ್ಯಾಪಕರು, ಕೋರ್ಸುಗಳು, ಸಿಲೆಬಸ್. ಆ ವಿಭಾಗದ ಪ್ರಕಟಣೆಗಳು ತಾವಾಗಿಯೇ ಬಂದು ಕೂರುತ್ತವೆ, ಯಾರೂ ಎರಡು ಸಲ ಹಾಕಬೇಕಿಲ್ಲ. ಉಳಿದ ಬಾಕ್ಸುಗಳು ಇವೆ, ಆದರೆ ಬರಹ ಇದ್ದರೆ ಮಾತ್ರ ಕಾಣುತ್ತವೆ. ಖಾಲಿ ಇದ್ದರೆ ತಲೆಬರಹವೂ ಇಲ್ಲ. ಈ ಬದಲಾವಣೆಗಳನ್ನೆಲ್ಲ ಮೂಲ ಥೀಮಿನಲ್ಲಿ ಮಾಡದೆ ಚೈಲ್ಡ್ ಥೀಮ್ ಅನ್ನುವ ಬೇರೆ ಫೋಲ್ಡರಿನಲ್ಲಿ ಇಟ್ಟೆವು. ಮೂಲ ಥೀಮ್ ಅಪ್‌ಡೇಟ್ ಆದಾಗ ಅವು ಅಳಿಸಿಹೋಗಬಾರದಲ್ಲ, ಅದಕ್ಕೆ.

ಅಧ್ಯಾಪಕರ ಪಟ್ಟಿಯಲ್ಲಿ ಬಂದ ಜಗಳವನ್ನು ಯಾವ ಡೆಮೊವೂ ಊಹಿಸಿರಲಿಕ್ಕಿಲ್ಲ. ಥೀಮ್ ಹೆಸರುಗಳನ್ನು ಅಕಾರಾದಿಯಾಗಿ ಜೋಡಿಸಿತು. 'ಡಾ.' ಇರುವವರೆಲ್ಲ ಮೇಲೆ, 'ಪ್ರೊ.' ಇರುವವರು ಅವರ ಕೆಳಗೆ! ಮೂವತ್ತು ವರ್ಷ ಸೇವೆ ಮಾಡಿದವರು ನಿನ್ನೆ ಮೊನ್ನೆ ಸೇರಿದವರ ಕೆಳಗೆ ಕುಳಿತರು. ಪರೀಕ್ಷಾರ್ಥ ಹಾಕಿದ ಪುಟ ಅದು, ಆದರೂ ಮಧ್ಯಾಹ್ನದೊಳಗೆ ಫೋನುಗಳು ಬಂದವು. ಸಿಬ್ಬಂದಿ ಶಾಖೆಯಿಂದ ಜ್ಯೇಷ್ಠತಾ ಪಟ್ಟಿ ತರಿಸಿ, ಪ್ರತಿ ಹೆಸರಿಗೂ ಕ್ರಮಸಂಖ್ಯೆ ಹಾಕುವ ಜಾಗ ಮಾಡಿದೆವು. ಈಗ ಯಾರಾದರೂ ಕೇಳಿದರೆ "ಸಾರ್, ಅದು ಸಿಬ್ಬಂದಿ ಶಾಖೆಯ ಪಟ್ಟಿ" ಅಂದರೆ ಆಯಿತು. ಅತಿಥಿ ಉಪನ್ಯಾಸಕರನ್ನು ಹಾಕಬೇಕೋ ಬೇಡವೋ ಅನ್ನುವ ಮಾತೂ ಬಂತು. ಹಾಕಲೇಬೇಕು ಅಂತ ನಾನು ಹಟ ಹಿಡಿದೆ. ಎಷ್ಟೋ ವಿಭಾಗಗಳಲ್ಲಿ ಪಾಠ ಮಾಡುವವರೇ ಅವರು. ಹಾಕಿದೆವು.

ಮುಖಪುಟದ ಮೇಲ್ಭಾಗದಲ್ಲಿ ಮೂರು ಫೋಟೊಗಳಿಗೆ ಜಾಗ ಬೇಕು. ಕುಲಾಧಿಪತಿಗಳಾದ ರಾಜ್ಯಪಾಲರು, ಸಮಕುಲಾಧಿಪತಿಗಳಾದ ಉನ್ನತ ಶಿಕ್ಷಣ ಸಚಿವರು, ಕುಲಪತಿಗಳು. ಯಾವ ಟೆಂಪ್ಲೇಟಿನಲ್ಲೂ ಇಂಥ ಜಾಗ ಇರುವುದಿಲ್ಲ. ಮೊಬೈಲಿನಲ್ಲಿ ಈ ಮೂರು ಫೋಟೊ ಒಂದರ ಕೆಳಗೊಂದು ನಿಂತರೆ ವಿದ್ಯಾರ್ಥಿ ಪ್ರಕಟಣೆ ತಲುಪುವಷ್ಟರಲ್ಲಿ ಬೆರಳು ಸೋಲುತ್ತದೆ. ದೊಡ್ಡ ಪರದೆಯಲ್ಲಿ ಮೇಲೆ, ಮೊಬೈಲಿನಲ್ಲಿ ಪ್ರಕಟಣೆಗಳ ಕೆಳಗೆ ಅನ್ನುವ ರಾಜಿಗೆ ಕುಲಪತಿಗಳೇ ಒಪ್ಪಿದರು.

ಬಣ್ಣಕ್ಕೂ ರಾಜಿ. ನಮ್ಮ ಲಾಂಛನದ ಅರಿಶಿನ ಬಣ್ಣದ ಮೇಲೆ ಬಿಳಿ ಅಕ್ಷರ ಬೇಕೆಂದರು. ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5ಕ್ಕೆ 1ರ ಹೊಳಪಿನ ವ್ಯತ್ಯಾಸ ಇರಬೇಕು ಅನ್ನುತ್ತದೆ ಆಕ್ಸೆಸಿಬಿಲಿಟಿಯ ನಿಯಮ. ಅರಿಶಿನ ಅದರ ಹತ್ತಿರಕ್ಕೂ ಬರಲಿಲ್ಲ. ಲಾಂಛನದಲ್ಲೇ ಇದ್ದ ಕುಂಕುಮಗೆಂಪನ್ನು ಗಾಢ ಮಾಡಿ ಬಳಸಿದೆವು. ಸುದ್ದಿ ಓಡುವ ಪಟ್ಟಿ ಬೇಕೇಬೇಕು ಅಂದವರಿಗೆ, ಐದು ಸೆಕೆಂಡಿಗಿಂತ ಜಾಸ್ತಿ ಓಡುವ ಯಾವುದನ್ನೂ ನಿಲ್ಲಿಸುವ ಬಟನ್ ಇರಬೇಕು ಅನ್ನುವ ನಿಯಮ ತೋರಿಸಿ ಬಟನ್ ಇಟ್ಟೆವು. ಈಗ ಹೆಚ್ಚಿನವರು ಅದನ್ನು ನಿಲ್ಲಿಸಿಯೇ ಓದುತ್ತಾರೆ.

ಕಡ್ಡಾಯದ ಪಟ್ಟಿಯೂ ಇದೆ. ಮಾಹಿತಿ ಹಕ್ಕು ಕಾಯ್ದೆಯ 4(1)(ಬಿ) ಅಡಿ 17 ಅಂಶಗಳು, ರ‍್ಯಾಗಿಂಗ್ ತಡೆ ಸಹಾಯವಾಣಿ 1800-180-5522, ಆಂತರಿಕ ದೂರು ಸಮಿತಿ, ಕೇಂದ್ರದ ರ‍್ಯಾಂಕಿಂಗ್ ವ್ಯವಸ್ಥೆಯಾದ ನಿರ್ಫ್‌ಗೆ ಕೊಟ್ಟ ಅಂಕಿಅಂಶ, ಆಂತರಿಕ ಗುಣಮಟ್ಟ ಘಟಕದ (ಐಕ್ಯುಎಸಿ) ವರದಿಗಳು. ಥೀಮಿನ ಫುಟರಿನಲ್ಲಿ, ಅಂದರೆ ಪುಟದ ಬುಡದಲ್ಲಿ, ಇನ್‌ಸ್ಟಾಗ್ರಾಮ್ ಚಿತ್ರಗಳಿಗೆಂದು ಬಿಟ್ಟಿದ್ದ ಜಾಗ ಇವಕ್ಕೆ ಸರಿಯಾಗಿ ಹೊಂದಿತು.

ಹಳೆಯ ಲಿಂಕುಗಳ ಕೆಲಸ ಮಾತ್ರ ಬೇಸರ ತರಿಸುವಂಥದ್ದು, ಆದರೆ ಬಿಡುವಂತಿಲ್ಲ. ನ್ಯಾಕ್‌ಗೆ ಕೊಟ್ಟ ವರದಿಗಳಲ್ಲಿ ದಾಖಲೆಗಳ ಜಾಗಕ್ಕೆ ವೆಬ್ ವಿಳಾಸಗಳನ್ನೇ ಕೊಟ್ಟಿರುತ್ತೇವೆ. ಟೆಂಪ್ಲೇಟ್ ಬದಲಾದಾಗ ವಿಳಾಸವೂ ಬದಲಾದರೆ ಪರಿಶೀಲಿಸುವವರಿಗೆ ಸಿಗುವುದು 'ಪುಟ ಇಲ್ಲ' ಅನ್ನುವ ಉತ್ತರ. ಪರಿಚಯದ ಕಾಲೇಜೊಂದರಲ್ಲಿ ಹೀಗಾಗಿ ಪ್ರಾಂಶುಪಾಲರು ರಾತ್ರಿಯಿಡೀ ಕೂತದ್ದು ಕೇಳಿದ್ದೆ. ವರದಿಗಳಲ್ಲಿದ್ದ ಪ್ರತಿ ವಿಳಾಸವನ್ನೂ ಎಕ್ಸೆಲ್ಲಿಗೆ ಇಳಿಸಿ, ಹಳೆಯದರಿಂದ ಹೊಸದಕ್ಕೆ ದಾರಿ ತಿರುಗಿಸುವ ನಿಯಮ ಬರೆದೆವು. ಪಿಡಿಎಫ್‌ಗಳನ್ನು ಇದ್ದ ಫೋಲ್ಡರಿನಲ್ಲೇ ಬಿಟ್ಟೆವು.

ನುಡಿಯಲ್ಲಿದ್ದ ಹಳೆಯ ಬರಹಗಳನ್ನು ಯುನಿಕೋಡಿಗೆ ಬದಲಿಸುವ ಸಾಧನಗಳು ಉಚಿತವಾಗಿಯೇ ಸಿಗುತ್ತವೆ. ಆದರೆ ನಡುನಡುವೆ ಇಂಗ್ಲಿಷಿನಲ್ಲಿ ಬರೆದಿದ್ದ ಪದಗಳೂ ಕನ್ನಡ ಅಂದುಕೊಂಡು ಅರ್ಥವಿಲ್ಲದ ಅಕ್ಷರಗಳಾಗಿಬಿಡುತ್ತವೆ. ಅರ್ಕಾವೊತ್ತು ಒಮ್ಮೊಮ್ಮೆ ಜಾಗ ತಪ್ಪುತ್ತದೆ. ಕನ್ನಡ ವಿಭಾಗದ ಇಬ್ಬರು ವಿದ್ಯಾರ್ಥಿಗಳು ಪ್ರೂಫ್ ನೋಡಿಕೊಟ್ಟರು. ಅವರಿಗೆ ಗೌರವಧನ ಕೊಡಿಸಿದೆ.

ಇನ್ನು ಪ್ರಕಟಣೆಯ ಟೆಂಪ್ಲೇಟ್. ಸಮಿತಿಯಲ್ಲಿ ಇದರ ಬಗ್ಗೆ ಯಾರೂ ಐದು ನಿಮಿಷ ಮಾತಾಡಿರಲಿಲ್ಲ. ಸೈಟಿಗೆ ಬರುವವರು ನೋಡುವುದು ಇದನ್ನೇ. ಪದವಿಯ ಪ್ರವೇಶ, ಪರೀಕ್ಷಾ ಅರ್ಜಿ, ಫಲಿತಾಂಶ ಎಲ್ಲ ಈಗ ರಾಜ್ಯ ಸರ್ಕಾರದ ಯುಯುಸಿಎಂಎಸ್ ಪೋರ್ಟಲಿನಲ್ಲಿ ನಡೆಯುತ್ತವೆ. ಆದರೆ ದಿನಾಂಕ, ದಂಡಶುಲ್ಕ, ವೇಳಾಪಟ್ಟಿ ಕೇಳಿಕೊಂಡು ಮಕ್ಕಳು ನಮ್ಮ ಸೈಟಿಗೇ ಬರುತ್ತಾರೆ.

ಮುಂಚೆ ಹೇಗಿತ್ತೆಂದರೆ, ಸುತ್ತೋಲೆಯನ್ನು ಕಂಪ್ಯೂಟರಿನಲ್ಲಿ ಟೈಪ್ ಮಾಡಿ, ಪ್ರಿಂಟ್ ತೆಗೆದು, ಸಹಿ ಹಾಕಿಸಿ, ಸ್ಕ್ಯಾನ್ ಮಾಡಿ ಏರಿಸುತ್ತಿದ್ದರು. ಅಕ್ಷರವಾಗಿ ಇದ್ದದ್ದು ಚಿತ್ರವಾಗುತ್ತಿತ್ತು. ಕಣ್ಣು ಕಾಣದವರ ಸ್ಕ್ರೀನ್ ರೀಡರ್ ಅದನ್ನು ನೇರವಾಗಿ ಓದಲಾರದು, ಗೂಗಲ್ಲಿನಲ್ಲಿ ಹುಡುಕಿದರೂ ಸಿಗುವುದು ಕಷ್ಟ. ಕಡತದ ಹೆಸರು 'ಸ್ಕ್ಯಾನ್0012'. ಹೊಸ ಟೆಂಪ್ಲೇಟಿನಲ್ಲಿ ಕನ್ನಡದಲ್ಲಿ ತಲೆಬರಹ, ಸಂಖ್ಯೆ, ದಿನಾಂಕ, ಯಾರಿಗೆ, ಕೊನೆಯ ದಿನ, ಮೂರ್ನಾಲ್ಕು ಸಾಲಿನ ಸಾರಾಂಶ ತುಂಬದೆ ಪ್ರಕಟಿಸಲು ಆಗುವುದೇ ಇಲ್ಲ. ಸಹಿಯ ಪಿಡಿಎಫ್ ಅದರ ಕೆಳಗೆ. ಕೊನೆಯ ದಿನ ಕಳೆದ ಮೇಲೆ ಪ್ರಕಟಣೆ ತಾನಾಗಿಯೇ ಹಳೆಯವುಗಳ ಪಟ್ಟಿಗೆ ಸರಿಯುತ್ತದೆ. ಮಿನುಗುವ 'ನ್ಯೂ' ಹಾಗೆ ಕೆಲಸ ಕಳೆದುಕೊಂಡಿತು. ಬಣ್ಣ, ಗಾತ್ರ ಬದಲಿಸುವ ಆಯ್ಕೆಗಳನ್ನೂ ತೆಗೆದಿದ್ದೇವೆ. ಇಲ್ಲದಿದ್ದರೆ ಪ್ರತಿ ಶಾಖೆಗೂ ತನ್ನ ಪ್ರಕಟಣೆಯೇ ಕೆಂಪಕ್ಷರದಲ್ಲಿ ಇರಬೇಕು.

"ಇಷ್ಟೆಲ್ಲ ಯಾರು ತುಂಬ್ತಾರೆ ಸಾರ್?" ಅಂತ ಪರೀಕ್ಷಾಂಗದ ಗುಮಾಸ್ತರು ಮೊದಲು ಸಿಡುಕಿದರು. ಸಾರಾಂಶ ಬರೆದ ಮೇಲೆ ವಿಚಾರಣೆಯ ಫೋನುಗಳು ಕಡಿಮೆಯಾದವು ಅಂತ ಹೇಳಿದವರೂ ಅವರೇ. ಅಲ್ಲಿನ ಎಫ್‌ಡಿಎ ಮೇಡಂ ಒಂದು ತೊಂದರೆ ತಂದರು. ವೇಳಾಪಟ್ಟಿ ಪರಿಷ್ಕೃತವಾದರೂ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪುಗಳಲ್ಲಿ ಹಳೆಯ ಲಿಂಕೇ ತಿರುಗುತ್ತಿರುತ್ತದೆ. ಅದನ್ನು ನಂಬಿ ತಪ್ಪು ದಿನ ಬರುವವರಿದ್ದಾರೆ. "ಹಳೇ ಲಿಂಕ್ ಒತ್ತಿದ್ರೂ ಹೊಸದು ಬಂದಿದೆ ಅಂತ ಗೊತ್ತಾಗೋ ಹಾಗೆ ಮಾಡೋಕಾಗಲ್ವಾ?" ಅಂದರು. ಟೆಂಪ್ಲೇಟಿಗೆ 'ಇದು ಯಾವ ಪ್ರಕಟಣೆಯ ತಿದ್ದುಪಡಿ?' ಅನ್ನುವ ಒಂದು ಬಾಕ್ಸ್ ಸೇರಿಸಿದೆವು. ಅಲ್ಲಿ ಹಳೆಯದನ್ನು ಆರಿಸಿದರೆ ಸಾಕು, ಹಳೆಯ ಪುಟದ ಮೇಲೆ 'ಈ ವೇಳಾಪಟ್ಟಿ ಬದಲಾಗಿದೆ, ಹೊಸದು ಇಲ್ಲಿದೆ' ಅನ್ನುವ ಕೆಂಪು ಪಟ್ಟಿ ಬರುತ್ತದೆ. ಪಿಡಿಎಫ್ ಅನ್ನೇ ನೇರ ಹಂಚಿಕೊಂಡರೆ ಮಾತ್ರ ಪಟ್ಟಿ ಕಾಣುವುದಿಲ್ಲ. ಆದ್ದರಿಂದ ಪರಿಷ್ಕರಣೆಯಾದ ದಿನವೇ ಹಳೆಯ ಪಿಡಿಎಫ್‌ನ ಮೊದಲ ಪುಟಕ್ಕೆ 'ರದ್ದು' ಎಂದು ಅಡ್ಡ ಮುದ್ರೆ ಹಾಕಿ, ಅದೇ ಹೆಸರಿನಲ್ಲಿ ಮತ್ತೆ ಏರಿಸುವ ಕೆಲಸವನ್ನು ಮೇಡಂ ತಮ್ಮ ಶಾಖೆಗೇ ತೆಗೆದುಕೊಂಡಿದ್ದಾರೆ.